ನೋಡದೆ ನಂಬದ ಮೌನೇಶಪ್ಪ

ಹಳೆಯ ಉಳಿಯನ್ನೋ ಬಾಚಿಯನ್ನೋ ಹಿಡಿದುಕೊಂಡು ಯಾರೇ ಬರಲಿ, ಬಡಿಗೇರ ಮೌನೇಶಪ್ಪನವರು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಕದ್ದದ್ದೋ, ಸತ್ತವರದೋ?" ಮೂರನೆಯ ದಾರಿಯಿಂದಲೂ ಹತಾರಗಳು ಮನೆ ಬಿಟ್ಟು ಬರಬಹುದೆಂದು ಅವರು ಒಪ್ಪುತ್ತಿರಲಿಲ್ಲ. ಮಕ್ತಲದ ಅವರ ಅಂಗಡಿಯಲ್ಲಿ ತುಕ್ಕು ಹಿಡಿದ ಹತಾರಗಳಿಗೆ ಸಾಣೆ ಹಿಡಿದು, ಹೊಸ ಹಿಡಿಕೆ ಹಾಕಿ, ಅಗಸಿ ಎಣ್ಣೆ ತಿಕ್ಕಿ ಕೊಡುವುದು ಅರ್ಧ ಕಸುಬು; ಕೆಡವಿದ ಮನೆಗಳ ಕಂಬ, ತೊಲೆಗಳಿಂದ ಹೊಸ ಸಾಮಾನು ಮಾಡುವುದು ಇನ್ನರ್ಧ. ಎರಡಕ್ಕೂ ಮೊದಲು ವಿಚಾರಣೆ ಆಗಲೇಬೇಕು.

ಉಂಡವಳ್ಳಿಯವನೊಬ್ಬ ತೀರಿಕೊಂಡ ಅಪ್ಪನದೆಂದು ಒಂದು ಬಾಚಿ ತಂದಿದ್ದ. ಇವರು ಬಸ್ಸು ಹತ್ತಿ ಆ ಊರಿಗೇ ಹೋದರು. "ಹೆಣಾ ಕಟ್ಟಿ ಮ್ಯಾಲೆ ಕುಂತು ಎಲಿಗೆ ಸುಣ್ಣಾ ಹಚ್ಚಾಕ ಹತ್ತಿತ್ತು ತಂಗೀ. ಅದರ ಕೈಯಾಗ ಬಾಚಿ ಕೊಟ್ಟು ಬಂದೆ" ಎಂದು ಆಮೇಲೊಮ್ಮೆ ನನಗೆ ನಗದೆ ಹೇಳಿದರು.

ಮರವನ್ನೂ ನಂಬುತ್ತಿರಲಿಲ್ಲ. ತೊಲೆಗೆ ಕಿವಿ ಹಚ್ಚಿ ತಟ್ಟುವರು, ಮೂಸುವರು, ಒಳಗೆ ಮುರಿದ ಮೊಳೆ ಉಳಿದಿದೆಯೇ ಎಂದು ಅಯಸ್ಕಾಂತ ಆಡಿಸುವರು. "ಹೊಸಾ ಕಟ್ಟಿಗಿ ಸುಳ್ಳು ಹೇಳತೈತಿ, ಹಳೇದು ಮುಚ್ಚಿಡತೈತಿ" ಎನ್ನುವರು.

ನಾನು ಗದ್ವಾಲದ ನೇಕಾರಳು. ನೇಯ್ದ ಸೀರೆಯನ್ನು ಸುತ್ತುವ ಮಗ್ಗದ ದಿಂಡು ಸೀಳಿದಾಗ ಅವರಲ್ಲಿಗೆ ಹೋದೆ. ಹಸಿ ಮರ ಸೊಟ್ಟಗಾಗುತ್ತದೆ, ಹಳೆಯ ಸಾಗವಾನಿಯೇ ಬೇಕು. ಅಂಗಳದಲ್ಲಿ ನಾರಾಯಣಪೇಟೆಯ ಯಾವುದೋ ಮನೆಯ ಕಂಬವೊಂದು ಬಿದ್ದಿತ್ತು. ತೋರಿಸಿದೆ.

"ಮಗ್ಗಕ್ಕ ಅಂತೀದಿ. ಹೈದರಾಬಾದಿನ ಹೋಟೆಲಿನವ್ರಿಗೆ ಶೋಕಿಗೆ ಇಡಾಕ ಮಾರಂಗಿಲ್ಲ ಅಂತ ಏನು ಖಾತ್ರಿ?"

"ಬಂದು ನೋಡ್ರಿ ಕಾಕಾ" ಎಂದೆ, ಸಿಟ್ಟಿನಲ್ಲೇ.

ಬಂದೇಬಿಟ್ಟರು. ಮಗ್ಗದ ಗುಂಡಿಗಿಳಿದು ಸೀಳಿದ ದಿಂಡನ್ನು ಮುಟ್ಟಿ ನೋಡಿದ ಮೇಲೆಯೇ ಚಹಾ ಕುಡಿದರು. ಅದನ್ನೂ ಮೂಸಿ ಕುಡಿದರು.

ಆ ಕಂಬದಿಂದ ಅವರು ಮಾಡಿಕೊಟ್ಟ ಹೊಸ ದಿಂಡು ನುಣ್ಣಗೆ ಮಿರಿಮಿರಿ ಮಿಂಚುತ್ತಿತ್ತು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಅದರ ಮೇಲೆ ನೇಯ್ದ ಮದುವೆ ಸೀರೆಯನ್ನು ಬಿಚ್ಚಿದಾಗ, ದಿಂಡಿಗೆ ತಾಗಿದ ಸುತ್ತಿನಲ್ಲೆಲ್ಲ ಹಳದಿ ಕಲೆ. ನಮಗೆ ರೇಷ್ಮೆ ಕೊಟ್ಟು ಸೀರೆ ಒಯ್ಯುವ ಸಾವುಕಾರರು ನನ್ನ ಕೈ ನೋಡಿದರು. "ಅಡಗಿ ಮಾಡಿ ಕೈ ತೊಳೀದನ ಕುಂತೀದಿ. ಇನ್ನ ನಿನಗ ರೇಷ್ಮಿ ಇಲ್ಲ." ಮಗ್ಗ ನಿಂತರೆ ನಮ್ಮ ಮನೆಯ ಒಲೆಯೂ ನಿಂತಂತೆ.

ಬೇಕೆಂದೇ ಕೆಟ್ಟ ಕಂಬ ಕೊಟ್ಟಿದ್ದಾರೆ ಎಂದುಕೊಂಡು ಮಕ್ತಲಕ್ಕೆ ಹೋಗಿ ಸೀರೆಯನ್ನು ಅವರ ಮುಂದೆ ಹಾಕಿದೆ. ಕಲೆಯನ್ನು ಮೂಸಿದವರು ಪಕ್ಕದ ಎಣ್ಣೆ ಡಬ್ಬಿಯನ್ನೂ ಮೂಸಿದರು. ಹತಾರದ ಹಿಡಿಕೆಗೆ ತಿಕ್ಕುವಂತೆಯೇ, ಚೆನ್ನಾಗಿ ಕಾಣಲೆಂದು, ದಿಂಡಿಗೂ ಅಗಸಿ ಎಣ್ಣೆ ತಿಕ್ಕಿದ್ದರು.

"ಊರ ಮಂದೀನೆಲ್ಲ ಅನುಮಾನಿಸಿದೆ. ನನ್ನ ಕೈನ ಬಿಟ್ಟೆ ನೋಡು" ಎಂದರು.

ಅಂದೇ ನನ್ನೊಡನೆ ಗದ್ವಾಲಕ್ಕೆ ಬಂದು, ದಿಂಡು ಬಿಚ್ಚಿ ಹೆಗಲ ಮೇಲಿಟ್ಟುಕೊಂಡು ಸಾವುಕಾರರ ಅಂಗಡಿ ಹತ್ತಿದರು. "ಆಕಿ ತಪ್ಪಲ್ರಿ. ಎಣ್ಣಿ ಹಚ್ಚಿದಾವ ನಾನು."

"ಹಿಂಗ ಹೇಳಂತ ಆಕಿ ಕಲಿಸ್ಯಾಳೇನು?" ಎಂದು ಸಾವುಕಾರರು ನಕ್ಕರು.

ತಮ್ಮನ್ನೇ ಯಾರಾದರೂ ಹೀಗೆ ಕೇಳಿಯಾರೆಂದು ಮೌನೇಶಪ್ಪನವರು ಎಣಿಸಿರಲಿಲ್ಲ. ಮುಖ ಕಪ್ಪಿಟ್ಟಿತು. ತಮ್ಮ ಬಿಳಿ ಧೋತರದ ಚುಂಗಿನಿಂದ ದಿಂಡನ್ನು ಗಸಗಸ ತಿಕ್ಕಿ, ಹಳದಿಯಾದ ಚುಂಗನ್ನು ಅವರ ಮುಂದೆ ಹಿಡಿದರು. ಸಾವುಕಾರರು ಇನ್ನೊಂದೇ ಸೀರೆಗೆ ರೇಷ್ಮೆ ಕೊಟ್ಟರು. ಅದರಲ್ಲೂ ಕಲೆ ಬಂದರೆ ಮುಗಿಯಿತೆಂದರು.

ಎಣ್ಣೆ ಕುಡಿದ ಮೇಲ್ಪದರವನ್ನು ಕೆತ್ತಿ, ಬೂದಿ ತಿಕ್ಕಿ, ಬಿಸಿಲಿಗಿಟ್ಟು, ಮೌನೇಶಪ್ಪನವರೇ ದಿಂಡನ್ನು ಮತ್ತೆ ತಂದು ಕೂಡಿಸಿದರು. ಹೊರಡುವಾಗ ಹೇಳಿದರು: "ಸೀರಿ ಮುಗಿದ ಕೂಡ್ಲೇ ಮಗ್ಗದಿಂದ ಕೊಯ್ಯಬ್ಯಾಡ. ನಾ ಬಂದು ಕಣ್ಣಿಲೆ ನೋಡತೀನಿ. ಫೋನಿನ್ಯಾಗ ನೀ ಚಂದ ಐತಿ ಅಂದ್ರ ನಾ ನಂಬಂಗಿಲ್ಲ."

ಸೀರೆ ಮುಗಿದ ದಿನ ಫೋನು ಮಾಡಿದೆ. ಅವರ ಹೆಂಡತಿ ಎತ್ತಿಕೊಂಡು, ಜ್ವರ ಬಂದಿದೆ, ಇಳಿದ ಮೇಲೆ ಬರುತ್ತಾರಂತೆ ಎಂದರು. ಸಾವುಕಾರರು ಅವಸರ ಮಾಡಿದರೂ ನಾನು ಸೀರೆಯನ್ನು ಮಗ್ಗದ ಮೇಲೆಯೇ ಬಿಟ್ಟೆ. ಆಮೇಲೆ ಮಕ್ತಲದಿಂದಲೇ ಫೋನು ಬಂತು. ಮೌನೇಶಪ್ಪನವರು ಹೋಗಿಬಿಟ್ಟಿದ್ದರು.

ಅವರ ಮಣ್ಣು ಮುಗಿಸಿ ಬಂದು ಕತ್ತರಿ ಹಾಕಿದೆ. ಸುತ್ತು ಸುತ್ತಾಗಿ ಬಿಚ್ಚಿದೆ. ಕೊನೆಯ ಸುತ್ತಿನವರೆಗೂ ಒಂದು ಚುಕ್ಕೆಯಿಲ್ಲ. ಅಳು ತಡೆಯಲಾಗಲಿಲ್ಲ. ಹನಿ ಬಿದ್ದರೆ ರೇಷ್ಮೆಗೆ ಅದೂ ಕಲೆಯೇ ಎಂದು ಮುಖ ಆಚೆ ತಿರುಗಿಸಿಕೊಂಡೇ ಸೀರೆ ಮಡಚಿದೆ.