ಗಂಟೆ ಬಾರಿಸಿದರೂ ಕೈಬಿಡದ ಮೇಷ್ಟ್ರು

ಕೃತಕ ಕಾಲು ತಯಾರಿಸುವ ಕಸುಬಿನಲ್ಲಿ ಹೆಸರು ಮಾಡುವುದು ಸುಲಭವಲ್ಲ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಹೆಸರು ಆಸ್ಪತ್ರೆಯ ಫಲಕದ ಮೇಲಿರುತ್ತದೆ, ಆರೈಕೆ ಮಾಡಿದ ದಾದಿಯರ ಹೆಸರು ಗುಣವಾದವರ ಬಾಯಲ್ಲಿರುತ್ತದೆ. ಕಾಲು ಮಾಡಿಕೊಟ್ಟವರ ಕೆಲಸ ಮಾತ್ರ ಚೆನ್ನಾಗಿದ್ದಷ್ಟೂ ಬಟ್ಟೆಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತದೆ. ಇಂಥ ಕಸುಬಿನಲ್ಲಿ ಮೂವತ್ತೈದು ವರ್ಷ ದುಡಿದು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಮೇಷ್ಟ್ರು ಎಂದೇ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಪ್ಲಾಸ್ಟರ್ ಕಲಸುವುದರಿಂದ ಹಿಡಿದು ಕಾಲು ಕಳೆದುಕೊಂಡವರ ಮುಂದೆ ಯಾವ ಮಾತು ಆಡಬಾರದು ಎಂಬುದರವರೆಗೆ ಅವರಿಂದ ಕಲಿತವರು ಇಂದು ನಾಲ್ಕಾರು ಆಸ್ಪತ್ರೆಗಳಲ್ಲಿದ್ದಾರೆ.

ಅವರ ವರ್ಕ್‌ಶಾಪು ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಹಳೆಯ ಮಂಚಗಳ ಉಗ್ರಾಣಕ್ಕೂ ನಡುವೆ ಇದೆ. ಒಳಗೆ ಎರಡು ಉದ್ದನೆಯ ಮೇಜು, ಪ್ಲಾಸ್ಟರಿನ ಮೂಟೆಗಳು, ಉಜ್ಜಿ ನುಣುಪು ಮಾಡುವ ಒಂದು ಯಂತ್ರ, ಗೋಡೆಗೆ ಒರಗಿಸಿಟ್ಟ ಅರೆಬರೆ ಕಾಲುಗಳು. ಕಿಟಕಿಯಿಂದ ರಸ್ತೆಯಾಚೆಯ ಇಗರ್ಜಿಯ ಗಂಟೆಗೋಪುರ ಕಾಣುತ್ತದೆ. ಪ್ರತಿದಿನ ಮುಂಜಾನೆ ಆ ಇಗರ್ಜಿಯಲ್ಲಿ ಬಲಿಪೂಜೆಯ ಪ್ರಾರ್ಥನೆ ಮುಗಿಸಿ, ಅದೇ ಅಂಗಿಯ ಮೇಲೆ ಏಪ್ರನ್ ಕಟ್ಟಿಕೊಂಡು ಬಾಗಿಲು ತೆರೆಯುತ್ತಿದ್ದವರು ಮೇಷ್ಟ್ರೇ.

ಅಳತೆ ತೆಗೆಯುವಾಗ ಅವರು ಸ್ಟೂಲಿನ ಮೇಲೆ ಕೂರುವುದಿಲ್ಲ, ನೆಲಕ್ಕೆ ಮೊಣಕಾಲೂರುತ್ತಾರೆ. ಬಂದವರು ಮಂತ್ರಿಯ ತಮ್ಮನಾಗಲಿ, ಮೂಟೆ ಹೊರುವವನಾಗಲಿ, ಮೊದಲು ಬಿಸಿನೀರಿನಲ್ಲಿ ತಮ್ಮ ಕೈ ಬೆಚ್ಚಗೆ ಮಾಡಿಕೊಂಡು ಆಮೇಲೆಯೇ ಮುಟ್ಟುತ್ತಾರೆ. ಈ ಮೊಣಕಾಲೂರುವ ಅಭ್ಯಾಸದಿಂದ ಅವರ ಪ್ಯಾಂಟುಗಳು ಬೇರೆಲ್ಲೂ ಹರಿಯದೆ ಮಂಡಿಯ ಬಳಿ ಮಾತ್ರ ಸವೆಯುತ್ತಿದ್ದವು. ಹೊಲಿಗೆ ಕಲಿತ ಅವರ ಹೆಂಡತಿ ತೇಪೆ ಹಾಕಿ ಹಾಕಿ ಬೇಸತ್ತು, "ರೀ, ನಿಮ್ಮ ಭಕ್ತಿಗೆ ದಾರ ಒದಗಿಸೋಳು ನಾನು. ಸ್ವರ್ಗದಲ್ಲಿ ಅರ್ಧ ಜಾಗ ನನ್ನ ಹೆಸರಿಗೆ ಬರೀಬೇಕು," ಎಂದು ರೇಗಿಸುತ್ತಿದ್ದರು.

ಮೇಷ್ಟ್ರ ಕೋಪವೂ ವಯಸ್ಸಿನಲ್ಲಿ ಸಣ್ಣದೇನಾಗಿರಲಿಲ್ಲ. ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಸಿಹಿ ಬಿಡುತ್ತಾರೆ. ಮೇಷ್ಟ್ರು ಒಂದು ವರ್ಷ ಬೈಯುವುದನ್ನು ಬಿಟ್ಟರು. ಈ ಸುದ್ದಿ ಹೇಗೋ ಸಾಮಾನು ಒದಗಿಸುವ ಉಗ್ರಾಣದವನ ಕಿವಿಗೆ ಬಿತ್ತು. ಅವನು ವರ್ಷವಿಡೀ ಬಚ್ಚಿಟ್ಟಿದ್ದ ತುಕ್ಕು ಹಿಡಿದ ತಿರುಪುಗಳನ್ನೂ ನೀರು ತಾಗಿ ಗಂಟಾದ ಪ್ಲಾಸ್ಟರನ್ನೂ ಆ ನಲವತ್ತು ದಿನಗಳಲ್ಲೇ ವರ್ಕ್‌ಶಾಪಿಗೆ ಸಾಗಹಾಕಿದ. ಮೇಷ್ಟ್ರು ಹಲ್ಲು ಕಚ್ಚಿಕೊಂಡು, ಎಲ್ಲಕ್ಕೂ ಸಹಿ ಮಾಡಿ, "ದೇವರು ಒಳ್ಳೇದು ಮಾಡ್ಲಿ," ಎನ್ನುತ್ತಿದ್ದರಂತೆ. ಆ ಹಾರೈಕೆ ಬೈಗುಳಕ್ಕಿಂತ ಖಾರವಾಗಿತ್ತು ಎಂದು ಉಗ್ರಾಣದವನೇ ಇಂದಿಗೂ ಹೇಳುತ್ತಾನೆ.

ಇಷ್ಟು ಹೊಗಳಿದ ಮೇಲೆ, ಅವರೇ ಹಾಕಿದ ಒಂದು ಷರತ್ತನ್ನು ನಡೆಸಿಕೊಡಬೇಕಾಗಿದೆ. ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಮಾತೆತ್ತಿದಾಗ ಮೇಷ್ಟ್ರು ಕೈಮುಗಿದು ಬೇಡವೆಂದರು. ಒತ್ತಾಯ ಮಾಡಿದಾಗ, "ಅಂಚೆಯಮ್ಮನ ಕಾಲಿನ ವಿಷಯ ಮುಚ್ಚಿಡದೆ ಬರೆಯೋದಾದ್ರೆ ಮಾಡಿ. ಇಲ್ದಿದ್ರೆ ನನ್ನ ತಂಟೆಗೆ ಬರಬೇಡಿ," ಎಂದರು. ಹೀಗಾಗಿ ಅಭಿನಂದನೆಯ ನಡುವೆ ಅವರ ತಪ್ಪೊಂದನ್ನು ಬರೆಯಬೇಕಾಗಿ ಬಂದಿದೆ.

ಅದು ಅವರ ಸೇವೆಯ ಹನ್ನೊಂದನೆಯ ವರ್ಷ. ಇಗರ್ಜಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಬಾರಿಸುತ್ತದೆ. ದೇವದೂತ ಮರಿಯಮ್ಮನವರಿಗೆ ತಂದ ಶುಭವಾರ್ತೆಯನ್ನು ನೆನೆದು ಮೂರು ಬಾರಿ 'ನಮೋ ಮರಿಯಾ' ಹೇಳುವ ಹೊತ್ತು ಅದು. ಎರಡು ನಿಮಿಷದ ಪ್ರಾರ್ಥನೆ. ಆ ಕಾಲದಲ್ಲಿ ಗಂಟೆ ಕೇಳಿದೊಡನೆ ಮೇಷ್ಟ್ರು ಕೈಯಲ್ಲಿ ಏನಿದ್ದರೂ ಕೆಳಗಿಟ್ಟು, ಎದ್ದು ನಿಂತು, ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಒಗೆಯುವ ಕೋಣೆಯ ಹೆಂಗಸರು ಬಾಗಿಲಲ್ಲಿ ನಿಂತು, ಎಂಥಾ ದೈವಭಕ್ತರು ಎಂದು ಮಾತಾಡಿಕೊಳ್ಳುತ್ತಿದ್ದರು. ಆ ಮಾತು ತಮ್ಮ ಕಿವಿಗೆ ಬೀಳುತ್ತಿತ್ತು, ಬಿದ್ದದ್ದು ಹಿತವಾಗಿಯೂ ಇತ್ತು ಎಂದು ಮೇಷ್ಟ್ರು ಈಗ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಅಂಚೆಯಮ್ಮ ಎಂದರೆ ಅಂಚೆ ಹಂಚುತ್ತಿದ್ದ ಹೆಣ್ಣುಮಗಳು, ಆಗ ಮೂವತ್ತಾರರ ವಯಸ್ಸು. ಆಕೆಯ ಸೈಕಲ್ಲಿಗೆ ಲಾರಿ ಬಡಿದು ಎಡಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಗಿತ್ತು. ಮೂರು ತಿಂಗಳೊಳಗೆ ಹೊಸ ಕಾಲಿನಲ್ಲಿ ನಡೆದು ತೋರಿಸಿದರೆ ಆಕೆಯ ಬೀದಿಗಳು ಆಕೆಗೇ. ಇಲ್ಲವಾದರೆ ನಿವೃತ್ತಿಯವರೆಗೂ ಒಳಗೆ ಕೂತು ಕಾಗದ ವಿಂಗಡಿಸಬೇಕು ಎಂದು ಅಂಚೆ ಕಚೇರಿ ತಿಳಿಸಿತ್ತು.

"ಕೂತು ಮಾಡೋ ಕೆಲ್ಸ ನಂಗೆ ಆಗಿಬರಲ್ಲ ಮೇಷ್ಟ್ರೇ," ಎಂದು ಆಕೆ ಮೊದಲ ದಿನವೇ ಹೇಳಿದ್ದರು. "ಆರು ಬೀದಿ ನನ್ನವು. ಯಾವ ಮನೆ ನಾಯಿ ಕಚ್ಚುತ್ತೆ, ಯಾವ ಮನೆ ಅಜ್ಜಿಗೆ ಕಾಗದ ಓದಿ ಹೇಳ್ಬೇಕು, ಎಲ್ಲಾ ನಂಗೆ ಗೊತ್ತು."

ಮಂಡಿಯ ಕೆಳಗೆ ಕಾಲು ಹೋದವರಿಗೆ ಅಚ್ಚು ತೆಗೆಯುವಾಗ ಒಂದು ಸೂಕ್ಷ್ಮವಿದೆ. ಒದ್ದೆ ಪ್ಲಾಸ್ಟರ್ ಪಟ್ಟಿಯನ್ನು ಸುತ್ತಿದ ಮೇಲೆ, ಮಂಡಿಚಿಪ್ಪಿನ ಕೆಳಗೆ ಎರಡೂ ಹೆಬ್ಬೆರಳನ್ನು ಒತ್ತಿ, ಅದು ಗಟ್ಟಿಯಾಗುವವರೆಗೆ ಅಲುಗಾಡದೆ ಹಿಡಿದಿರಬೇಕು. ಮೈಭಾರ ಹೊರಬಲ್ಲ ಜಾಗ ಅದು. ಅಲ್ಲಿ ಸರಿಯಾಗಿ ಒತ್ತದಿದ್ದರೆ ಭಾರವೆಲ್ಲ ಕತ್ತರಿಸಿದ ಮೂಳೆಯ ತುದಿಗೆ ಬೀಳುತ್ತದೆ. ಅಂಚೆಯಮ್ಮನ ಅಚ್ಚು ತೆಗೆಯುತ್ತಿದ್ದ ದಿನ, ಹೆಬ್ಬೆರಳು ಒತ್ತಿ ಅರೆನಿಮಿಷವೂ ಆಗಿರಲಿಲ್ಲ, ಗಂಟೆ ಬಾರಿಸಿತು. ಮೇಷ್ಟ್ರು "ಎರಡೇ ನಿಮಿಷ ಅಮ್ಮಾ," ಎಂದು ಕೈ ತೆಗೆದು ಎದ್ದು ನಿಂತರು. ಪ್ರಾರ್ಥನೆ ಮುಗಿಸಿ ಬಗ್ಗಿದಾಗ ಪ್ಲಾಸ್ಟರು ಕಲ್ಲಾಗಿತ್ತು.

ಅದನ್ನು ಒಡೆದು ಮತ್ತೆ ಅಚ್ಚು ತೆಗೆಯಬೇಕಿತ್ತು. ಹೊರಗೆ ಒಂಬತ್ತು ಜನ ಕಾಯುತ್ತಿದ್ದರು. ದೇವರಿಗೆಂದು ಕೊಟ್ಟ ಎರಡು ನಿಮಿಷವನ್ನು ದೇವರೇ ಸರಿದೂಗಿಸುತ್ತಾನೆ ಎಂದು ತಮಗೆ ತಾವೇ ಹೇಳಿಕೊಂಡು, ಹಳ್ಳ ಬೀಳಬೇಕಾದ ಜಾಗವನ್ನು ಆಮೇಲೆ ಅಂದಾಜಿನಲ್ಲಿ ಕೆತ್ತಿ, ಮೇಷ್ಟ್ರು ಕಾಲು ಮುಗಿಸಿಕೊಟ್ಟರು. ಅಂಚೆಯಮ್ಮ ಅದನ್ನು ಹಾಕಿಕೊಂಡು, ನೋವು ನುಂಗಿಕೊಂಡು, ದಿನವೂ ಮನೆಯ ಸುತ್ತ ನಡೆದರು. ಮೂರನೆಯ ವಾರ ಮೂಳೆಯ ತುದಿಯಲ್ಲಿ ಹುಣ್ಣಾಯಿತು, ಕೀವು ತುಂಬಿತು. ಅತಿಯಾಗಿ ನಡೆದದ್ದೇ ಕಾರಣವೆಂದು ವೈದ್ಯರು ಆಕೆಯನ್ನು ಗದರಿಸಿ ಮಲಗಿಸಿದರು. ಸೋಂಕು ಮೂಳೆಗೆ ಇಳಿದರೆ ಮಂಡಿಯ ಮೇಲಕ್ಕೆ ಕತ್ತರಿಸಬೇಕಾದೀತು ಎಂದೂ ಹೇಳಿದರು.

ಮೇಷ್ಟ್ರಿಗೆ ಊಟ ಸೇರಲಿಲ್ಲ. ಹುಣ್ಣು ಎಲ್ಲಿ ಆಗಿದೆ ಎಂದು ಕೇಳಿದ ಕೂಡಲೇ ಏಕೆ ಆಗಿದೆ ಎಂಬುದು ಅವರಿಗೆ ತಿಳಿದಿತ್ತು. ಅವರೊಬ್ಬರಿಗೇ ತಿಳಿದಿತ್ತು, ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಶನಿವಾರ ಅವರು ಇಗರ್ಜಿಯ ಗುರುಗಳ ಬಳಿ ಪಾಪನಿವೇದನೆಗೆ ಹೋದರು. ಅಲ್ಲಿ ನಡೆದದ್ದನ್ನು ಗುರುಗಳು ಹೊರಗೆ ಹೇಳುವಂತಿಲ್ಲ, ಆದರೆ ಮೇಷ್ಟ್ರು ಹೇಳಬಹುದು, ನಮಗೆಲ್ಲ ಹಲವು ಸಲ ಹೇಳಿದ್ದಾರೆ. ತುಂಬ ವಯಸ್ಸಾಗಿದ್ದ ಗುರುಗಳು ಎಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದರಂತೆ: "ಆ ಎರಡು ನಿಮಿಷ ಆಕೆ ಕಾಲು ಯಾರ ಕೈಯಲ್ಲಿತ್ತು?"

"ಯಾರ ಕೈಯಲ್ಲೂ ಇರಲಿಲ್ಲ ಫಾದರ್."

"ದೇವರು ಅದನ್ನ ನಿನ್ನ ಕೈಗೆ ಕೊಟ್ಟಿದ್ದನಲ್ಲ ಮಗಾ. ಹೋಗು, ಆಕೆಗೆ ಹೇಳು."

ಮೇಷ್ಟ್ರು ನೇರವಾಗಿ ವಾರ್ಡಿಗೆ ಹೋಗಿ, ಮಂಚದ ಪಕ್ಕದಲ್ಲಿ ನಿಂತು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅಂಚೆಯಮ್ಮ ಮಂಚದ ಮೇಲೆ ಎದ್ದು ಕುಳಿತರು. ಆಮೇಲೆ ಹೇಳಿದರು: "ಜಾಸ್ತಿ ನಡೆದೆ ಅಂತ ಡಾಕ್ಟ್ರು ಎಲ್ಲರೆದುರು ನನ್ನ ಬೈದ್ರು. ನಾನೇ ನನ್ನ ಕಾಲು ಹಾಳು ಮಾಡ್ಕೊಂಡೆ ಅಂತ ಎಂಟು ದಿನದಿಂದ ಅಳ್ತಿದೀನಿ. ಮೊದ್ಲು ಹೋಗಿ ಅವರಿಗೆ ಹೇಳಿ."

ಹೇಳಿದರು. ವೈದ್ಯರಿಗೆ ಹೇಳಿದರು, ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದುಕೊಟ್ಟರು. ಅಂಚೆ ಕಚೇರಿಗೂ ತಾವೇ ಹೋಗಿ, ತಪ್ಪು ಆಕೆಯದಲ್ಲ, ತಮ್ಮದು, ಇನ್ನೆರಡು ತಿಂಗಳು ಕಾಲಾವಕಾಶ ಕೊಡಿ ಎಂದು ಸಹಿ ಮಾಡಿದ ಕಾಗದ ಕೊಟ್ಟು ಬಂದರು. ಕಾಲಾವಕಾಶ ಸಿಕ್ಕಿತು. ಮೇಷ್ಟ್ರ ಸೇವಾ ಪುಸ್ತಕದಲ್ಲಿ ಛೀಮಾರಿಯೊಂದು ದಾಖಲಾಯಿತು, ಬರಬೇಕಿದ್ದ ಬಡ್ತಿ ಆರು ವರ್ಷ ಮುಂದೆ ಹೋಯಿತು. ಸೋಂಕು ಪುಣ್ಯಕ್ಕೆ ಮೂಳೆಗೆ ಇಳಿಯಲಿಲ್ಲ. ಹುಣ್ಣು ಒಣಗುವವರೆಗೂ ದಿನಾ ಸಂಜೆ ಮೇಷ್ಟ್ರು ವಾರ್ಡಿನ ಬಾಗಿಲಲ್ಲಿ ನಿಂತು ದಾದಿಯನ್ನು ವಿಚಾರಿಸಿ ಹೋಗುತ್ತಿದ್ದರು.

ಹುಣ್ಣು ಮಾಗಿದ ಮೇಲೆ ಎರಡನೆಯ ಅಚ್ಚಿಗೆ ಬೆಳಿಗ್ಗೆ ಒಂಬತ್ತಕ್ಕೆ ಬರಲು ಹೇಳಿದರೆ ಅಂಚೆಯಮ್ಮ ಒಪ್ಪಲಿಲ್ಲ.

"ಹನ್ನೆರಡಕ್ಕೆ ಬರ್ತೀನಿ," ಎಂದರು.

ಮೇಷ್ಟ್ರು ತಲೆಯಾಡಿಸಿದರು. ಆ ದಿನ ಆಕೆ ಹನ್ನೆರಡಕ್ಕೆ ಸ್ವಲ್ಪ ಮುಂಚೆಯೇ ಬಂದರು, ಕುಳಿತರು, ಕಾಲು ಚಾಚಿದರು. ಮೇಷ್ಟ್ರು ಕೈ ಬೆಚ್ಚಗೆ ಮಾಡಿಕೊಂಡು, ಪಟ್ಟಿ ಸುತ್ತಿ, ಮೊಣಕಾಲೂರಿ ಹೆಬ್ಬೆರಳು ಒತ್ತಿದರು. ಗಂಟೆ ಬಾರಿಸಿತು. ಒಗೆಯುವ ಕೋಣೆಯವರು ಎಂದಿನಂತೆ ಬಾಗಿಲಿಗೆ ಬಂದರು. ಮೇಷ್ಟ್ರು ಏಳಲಿಲ್ಲ.

"ಗಂಟೆ ಹೊಡೀತಿದೆ ಮೇಷ್ಟ್ರೇ," ಎಂದರು ಅಂಚೆಯಮ್ಮ. "ನಿಮ್ಮ ಪ್ರಾರ್ಥನೆ?"

"ನಡೀತಿದೆ ಅಮ್ಮಾ. ನೀವು ಕಾಲು ಅಲ್ಲಾಡಿಸ್ಬೇಡಿ."

ಆ ಕಾಲು ಆಕೆಗೆ ಹೊಂದಿತು. ಗಡುವು ಮುಗಿಯಲು ನಾಲ್ಕು ದಿನವಿರುವಾಗ ಅಂಚೆಯಮ್ಮ ಚೀಲ ಹೆಗಲಿಗೇರಿಸಿ, ಮೇಲಧಿಕಾರಿಯ ಎದುರಿನಲ್ಲೇ ಆರೂ ಬೀದಿ ಸುತ್ತಿಬಂದರು.

ಅಂದಿನಿಂದ ವರ್ಕ್‌ಶಾಪಿನಲ್ಲಿ ಒಂದು ನಿಯಮ ಬಂತು: ಪ್ಲಾಸ್ಟರ್ ಹಸಿಯಾಗಿರುವಾಗ ಯಾರೂ ಏತಕ್ಕೂ ಕೈ ಬಿಡುವಂತಿಲ್ಲ. ಕೆಲಸ ಕಲಿಯಲು ಬಂದವರಲ್ಲಿ ಬೇರೆ ಬೇರೆ ಧರ್ಮದವರಿದ್ದರು, ಯಾವ ಧರ್ಮವೂ ಬೇಡವೆನ್ನುವವರಿದ್ದರು. ಎಲ್ಲರಿಗೂ ಮೇಷ್ಟ್ರು ಮೊದಲ ದಿನವೇ ತಮ್ಮ ತಪ್ಪನ್ನು ಹೇಳಿ, ಆಮೇಲೆ ಪ್ಲಾಸ್ಟರ್ ಕಲಸಲು ಕಲಿಸುತ್ತಿದ್ದರು. ಪ್ರಾರ್ಥನೆಯನ್ನು ಅವರೇನೂ ಕಡಿಮೆ ಮಾಡಲಿಲ್ಲ. ಕೈ ಬಿಡುವಾಗಿದ್ದ ದಿನ ಮೊದಲಿನಂತೆಯೇ ಎದ್ದು ನಿಲ್ಲುತ್ತಿದ್ದರು. ಇಲ್ಲದ ದಿನ ಅವರ ತುಟಿಯೂ ಅಲುಗುತ್ತಿರಲಿಲ್ಲ. ದೇವರನ್ನು ಪ್ರೀತಿಸುವುದೆಂದರೇನೆಂದು ಅವರು ನಮಗೆ ಉಪದೇಶಿಸಿದ್ದು ನೆನಪಿಲ್ಲ. ಆದರೂ ಅವರ ಜೊತೆ ನಾಲ್ಕು ದಿನ ಕೆಲಸ ಮಾಡಿದವರಿಗೆ ಅದು ಏನೆಂದು ಗೊತ್ತಾಗುತ್ತಿತ್ತು.

ಈ ಸಂಪುಟಕ್ಕೆ ಅಂಚೆಯಮ್ಮನಿಂದಲೂ ನಾಲ್ಕು ಸಾಲು ಬರೆಸಬೇಕೆಂದು ಸಮಿತಿಯವರು ಆಕೆಯ ಮನೆಗೆ ಮೂರು ಸಲ ಹೋದರು. ಬೆಳಿಗ್ಗೆ ಹೋದರು, ಮಧ್ಯಾಹ್ನ ಹೋದರು, ಸಂಜೆ ಹೋದರು. ಆಕೆಗೀಗ ಅರವತ್ತು, ನೌಕರಿಯಿಂದ ನಿವೃತ್ತರು, ಹಾಕಿಕೊಂಡಿರುವುದು ಮೇಷ್ಟ್ರು ಮಾಡಿಕೊಟ್ಟ ಏಳನೆಯ ಕಾಲು. ಮೂರು ಸಲವೂ ಬಾಗಿಲಿಗೆ ಬಂದದ್ದು ಸೊಸೆ.

"ಅತ್ತೆ ನಡೆಯೋಕೆ ಹೋಗಿದಾರೆ. ಹೊರಟ್ರೆ ಮುಗೀತು, ಯಾವಾಗ ಬರ್ತಾರೆ ಅಂತ ಹೇಳೋಕೆ ಆಗಲ್ಲ," ಎಂದಳು.

ಹೀಗಾಗಿ ಆಕೆಯ ಲೇಖನ ಈ ಸಂಪುಟದಲ್ಲಿಲ್ಲ. ಈ ಮಾತು ತಿಳಿಸಿದಾಗ ಮೇಷ್ಟ್ರು ಕನ್ನಡಕ ತೆಗೆದು ಏಪ್ರನ್ನಿನ ತುದಿಯಿಂದ ಒರೆಸಿಕೊಂಡು, ಕೆಲಸಕ್ಕೆ ಮರಳಿದರು. ಅವರಿಗೆ ದೇವರು ಆಯುಸ್ಸು ಆರೋಗ್ಯಗಳನ್ನು ಕೊಡಲಿ, ವಾರಕ್ಕೆರಡು ದಿನವಾದರೂ ಈ ವರ್ಕ್‌ಶಾಪಿಗೆ ಬರುವಷ್ಟು ಹುಮ್ಮಸ್ಸು ಕೊಡಲಿ. ಅಂಚೆಯಮ್ಮ ಈ ಏಳನೆಯದನ್ನೂ ಸವೆಸಿ ಎಂಟನೆಯದಕ್ಕೆಂದು ಬಂದು ಕುಳಿತಾಗ, ಎದುರಿಗೆ ಮೊಣಕಾಲೂರಲು ಮೇಷ್ಟ್ರೇ ಇರಲಿ.