ರಿವರ್ಸ್ ಬಾರದವನ ಕೊಂಕಣ ಯಾತ್ರೆ

ಡೊಂಬಿವಲಿಯ ನಮ್ಮ ಸೊಸೈಟಿಯ ಅಂಗಳದಲ್ಲಿ ನಿಲ್ಲುವ ಹದಿನಾರು ಕಾರುಗಳೂ ಗೇಟಿನ ಕಡೆಗೇ ಮುಖ ಮಾಡಿರುತ್ತವೆ, ಪಂಕ್ತಿಯಲ್ಲಿ ಕುಳಿತು ಬಡಿಸುವವನ ದಾರಿ ನೋಡುವ ಅತಿಥಿಗಳ ಹಾಗೆ. ಹದಿನೈದನ್ನು ಅವುಗಳ ಯಜಮಾನರೇ ಹಿಂದುಹಿಂದಕ್ಕೆ ತಂದು ಹಾಗೆ ನಿಲ್ಲಿಸುತ್ತಾರೆ. ಹದಿನಾರನೆಯದು ನನ್ನದು. ನಾನು ಗೇಟಿನೊಳಗೆ ಬಂದವನೇ, ತುರ್ತು ಕರೆ ಬಂದವನಂತೆ ಮೊಬೈಲನ್ನು ಕಿವಿಗಿಟ್ಟುಕೊಂಡು ಇಳಿದು, ಚಾವಿಯನ್ನು ವಾಚ್‌ಮನ್ನನ ಕೈಗೆ ಹಾಕಿ ಲಿಫ್ಟಿನತ್ತ ನಡೆಯುತ್ತೇನೆ. ನೆರೆಯವರು ಇದನ್ನು ದೊಡ್ಡಸ್ತಿಕೆ ಎಂದುಕೊಂಡಿದ್ದಾರೆ. ಆ ಅಪವಾದವನ್ನು ನಾನು ಸಂತೋಷದಿಂದಲೇ ಹೊತ್ತಿದ್ದೇನೆ, ಏಕೆಂದರೆ ನಿಜಸಂಗತಿ ಅದಕ್ಕಿಂತ ಬಹಳ ಚಿಕ್ಕದು. ನನಗೆ ಕಾರನ್ನು ಹಿಂದಕ್ಕೆ ಓಡಿಸಲು ಬರುವುದಿಲ್ಲ.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿಯ ಕಡೆಯಿಂದ ಬಂದವನು ನಾನು. ಹೋಟೆಲಿನಲ್ಲಿ ಗ್ಲಾಸು ತೊಳೆದು, ವೆಲ್ಡಿಂಗ್ ಕಲಿತು, ಈಗ ರಬಾಳೆಯಲ್ಲಿ ಹೋಟೆಲುಗಳಿಗೆ ದೋಸೆಯ ಕಾವಲಿ, ಇಡ್ಲಿ ಸ್ಟೀಮರು ಮಾಡಿಕೊಡುವ ಸ್ವಂತ ವರ್ಕ್‌ಶಾಪು ಇಟ್ಟಿದ್ದೇನೆ. ಠಾಣೆ, ಕಲ್ಯಾಣದ ಹೋಟೆಲುಗಳಲ್ಲಿ ನೀವು ಎಂದಾದರೂ ದೋಸೆ ತಿಂದಿದ್ದರೆ ಅದು ನನ್ನ ಕಾವಲಿಯ ಮೇಲೆ ಮಗುಚಿಕೊಂಡಿರುವ ಸಂಭವ ಸಾಕಷ್ಟಿದೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡು ಡ್ರೈವಿಂಗ್ ಕ್ಲಾಸಿಗೂ ಸೇರಿದೆ. ಮಾಸ್ತರರು ರಿವರ್ಸ್ ಕಲಿಸಿದ ಎರಡು ದಿನವೂ ನನಗೆ ಡೆಲಿವರಿಯ ಅವಸರವಿತ್ತು. ಶಾಲೆಯನ್ನು ತೊರೆದಂತೆಯೇ ಈ ವಿದ್ಯಾಲಯವನ್ನೂ ಕೊನೆಯ ಪಾಠಕ್ಕೆ ಮೊದಲೇ ತೊರೆದೆ. ಪರೀಕ್ಷೆಯ ದಿನ ಕಂಬಗಳ ನಡುವೆ ಹೇಗೋ ಹಿಂದೆ ಬಂದೆ. ಆ ಅದೃಷ್ಟವನ್ನು ಮತ್ತೊಮ್ಮೆ ಕೆಣಕುವ ಧೈರ್ಯವಾಗಲಿಲ್ಲ. ಜಾಗ ವಿಶಾಲವಿದ್ದಲ್ಲಿ ನಿಲ್ಲಿಸುವುದು, ದಾರಿ ತಪ್ಪಿದರೆ ಮುಂದೆ ಎಲ್ಲಾದರೂ ದುಂಡಗೆ ತಿರುಗಿಸಿಕೊಳ್ಳುವುದು, ಇಷ್ಟರಲ್ಲೇ ನಾಲ್ಕು ವರ್ಷ ಸಾಂಗವಾಗಿ ಕಳೆದಿತ್ತು.

ಹೀಗಿರಲು, ಡೊಂಬಿವಲಿಯಂಥ ಡೊಂಬಿವಲಿಯಲ್ಲೂ ಬೆಳಿಗ್ಗೆ ಸ್ವೆಟರು ಹುಡುಕುವಂಥ ಚಳಿ ಬಿದ್ದ ಈ ಡಿಸೆಂಬರಿನಲ್ಲಿ, ಬೀಗರನ್ನು ಕರೆದುಕೊಂಡು ಅಲಿಬಾಗಿನಿಂದ ದಾಪೋಲಿಯವರೆಗೆ ಕಡಲ ಪಕ್ಕದ ದಾರಿಯಲ್ಲೇ ನಿಧಾನವಾಗಿ ಹೋಗಿಬರುವುದೆಂದು ತೀರ್ಮಾನವಾಯಿತು. ಬೀಗರೆಂದರೆ ನನ್ನ ಮಗಳ ಮಾವ ಮೂರ್ತಿಯವರು. ಮೈಸೂರಿನವರು; ಫೈನಾನ್ಸ್ ಕಂಪನಿಯೊಂದರ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ, ಐರೋಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಎರಡು ಡಿಗ್ರಿ, ಮೂರು ಭಾಷೆಯಲ್ಲಿ ಸಹಿ. ಡ್ರೈವಿಂಗ್ ಮಾತ್ರ ಕಲಿತವರಲ್ಲ. ಎಂದರೆ, ಅವರಿಗಿಂತ ನಾನು ಒಂದು ಕೈ ಮೇಲಿರಬಹುದಾದ ವಿದ್ಯೆ ಈ ಭೂಮಂಡಲದಲ್ಲಿ ಇದೊಂದೇ. ಅಳಿಯ "ಮಾವ, ಒಬ್ಬ ಡ್ರೈವರನ್ನ ಗೊತ್ತು ಮಾಡ್ಲಾ?" ಎಂದು ಕೇಳಿದಾಗ, "ಡ್ರೈವರ್ ಎಂತಕ್ಕೆ? ನನ್ನ ಎರಡು ಕೈ ಎಲ್ಲಿಗೆ ಹೋಗಿದೆ?" ಎಂದು ಬೀಗರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ನನ್ನ ಹೆಂಡತಿ ಗುಲಾಬಿ ಒಳಗೆ ಹೋಗಿ ಇನ್ನೊಂದು ಡಬ್ಬಿಯ ತುಂಬ ಅವಲಕ್ಕಿ ಕಟ್ಟಿದಳು.

ಅಲಿಬಾಗ್ ದಾಟಿದ್ದೇ ಫೋನಿನ ಮ್ಯಾಪು ಎಡಕ್ಕೆ ತಿರುಗೆಂದಿತು. ನಾನು ಆಗಲೇ ನೆಟ್ಟಗೆ ಹೋಗಿಬಿಟ್ಟಿದ್ದೆ. ಬೇರೆಯವರಾದರೆ ಹತ್ತು ಮಾರು ಹಿಂದೆ ಸರಿಯುತ್ತಿದ್ದರು. ನಾನು ಗಂಭೀರನಾಗಿ "ಈ ಕಡೆ ಸೀನರಿ ಚಂದ ಉಂಟು" ಎಂದು ಮುಂದುವರಿದೆ. ಒಣಮೀನು ಹರವಿದ ಅಂಗಳಗಳ ನಡುವೆ ನುಸುಳಿ ಆ ದಾರಿ ಕೊನೆಗೊಂಡದ್ದು ಒಂದು ನಿರ್ಜನ ತೀರದಲ್ಲಿ. ಎರಡು ದೋಣಿ, ನೂರಾರು ಬೆಳ್ಳಕ್ಕಿ, ಎಳೆಬಿಸಿಲಿಗೆ ಆಗಷ್ಟೇ ಮೈಬಿಚ್ಚುತ್ತಿದ್ದ ಸಮುದ್ರ. ಗಟ್ಟಿ ಮರಳಿನ ಮೇಲೆ ರಥದಂತೆ ಒಂದು ಸುತ್ತು ಹಾಕಿ ತಿರುಗಿಸಿದೆ. "ಬೀಗರೇ, ಹೀಗೆ ಪ್ರವಾಸ ಮಾಡೋರನ್ನ ನಾನು ನೋಡೇ ಇಲ್ಲ ಕಣ್ರೀ. ನಮ್ಮೋರೆಲ್ಲ ಪಟ್ಟಿ ಹಿಡ್ಕೊಂಡು ಓಡ್ತಾರೆ" ಎಂದರು ಮೂರ್ತಿಯವರು. ನಾನು ರಸಿಕನಂತೆ ತಲೆಯಾಡಿಸಿದೆ.

ಎರಡನೆಯ ತಪ್ಪಿನಲ್ಲಿ, ತಿರುಗಿಸಿಕೊಳ್ಳಲು ಜಾಗ ಹುಡುಕುತ್ತ ಒಂದು ಊರಿನ ಶಾಲೆಯ ಮೈದಾನಕ್ಕೇ ನುಗ್ಗಿದೆ. ಮೂರ್ತಿಯವರ ಕನ್ನಡಕ ಕಂಡು ತಪಾಸಣೆಗೆ ಸಾಹೇಬರೇ ಬಂದರೆಂದು ಬೆದರಿದ ಹೆಡ್‌ಮಿಸ್ಟ್ರೆಸ್ಸು, ನಾವು ಬಾಯಿ ತೆರೆಯುವ ಮೊದಲೇ ಕುರ್ಚಿ, ಚಹಾ, ಪೇರಳೆಹಣ್ಣು ತರಿಸಿದರು. ನಿಜ ಹೇಳಿದ ಮೇಲೂ ಚಹಾ ಹಿಂದಕ್ಕೆ ಹೋಗಲಿಲ್ಲ. ಶಾಲೆಯಲ್ಲಿ ನನಗೆ ಇಂಥ ಮರ್ಯಾದೆ ಮೊದಲೇ ಸಿಕ್ಕಿದ್ದರೆ ಬಹುಶಃ ಎಂಟನೆಯ ಕ್ಲಾಸಿಗೂ ಹೋಗುತ್ತಿದ್ದೆ.

ಕಡಲು ಒಳನಾಡಿಗೆ ಕೈಚಾಚಿದಂತಿರುವ ಖಾಡಿಗಳನ್ನು ಈ ದಾರಿಯಲ್ಲಿ ಫೇರಿ ಬೋಟಿನ ಮೇಲೆ ಕಾರು ಹತ್ತಿಸಿಯೇ ದಾಟಬೇಕು. ಮೊದಲ ಖಾಡಿಯಲ್ಲಿ, ಕಾರುಗಳು ಬೆನ್ನು ಮುಂದಾಗಿ ಬೋಟು ಹತ್ತುವುದನ್ನು ದೂರದಿಂದಲೇ ಕಂಡ ನನಗೆ ತಟ್ಟನೆ ಭೂಮಾರ್ಗದ ಮೇಲೆ ಪ್ರೇಮ ಉಕ್ಕಿತು. ಮೂರು ಗಂಟೆ ಸುತ್ತಿದೆವು. ಮೂರ್ತಿಯವರು ಗುಡ್ಡಗಳನ್ನು ಹೊಗಳಿದರು; ಗುಲಾಬಿ ಅವಲಕ್ಕಿ ಹಂಚಿದಳು.

ರಾತ್ರಿ ಹರಿಹರೇಶ್ವರದಲ್ಲಿ ತಂಗಿ ಮರುದಿನ ಹೊರಟ ಮೇಲೆ ಸಿಕ್ಕ ಖಾಡಿಯಲ್ಲಿ ಪ್ರೇಮಕ್ಕೆ ಅವಕಾಶವಿರಲಿಲ್ಲ. ತಿರುವು ಮುಗಿದದ್ದೇ ಜೆಟ್ಟಿಯ ಮೇಲಿದ್ದೆವು, ಬೆನ್ನ ಹಿಂದೆ ಆರು ಕಾರು. ಬೋಟಿನ ಮನುಷ್ಯ ಸೀಟಿ ಊದಿ ಕೈ ತಿರುಗಿಸುತ್ತ, "ಕಾಕಾ, ರಿವ್ಹರ್ಸ್ ಘ್ಯಾ! ರಿವ್ಹರ್ಸ್!" ಎಂದು ಕೂಗಿದ. ಗಾಡಿಯನ್ನು ಸುತ್ತಿಸಿ ಬೆನ್ನನ್ನು ಬೋಟಿಗೆ ಮಾಡುವಷ್ಟು ಜಾಗ ಜೆಟ್ಟಿಯ ಮೇಲಿತ್ತು. ಅಲ್ಲಿಂದ ಮುಂದೆ, ಅಲ್ಲ, ಅಲ್ಲಿಂದ ಹಿಂದೆ, ನನ್ನ ಸರ್ವಸ್ವವೂ ಕೈಕೊಟ್ಟಿತು. ಮೊದಲ ಯತ್ನದಲ್ಲಿ ಕಾರು ಬೋಟನ್ನು ಬಿಟ್ಟು ಸಮುದ್ರದ ಕಡೆ ವಾಲಿತು. ಎರಡನೆಯದರಲ್ಲಿ ಬೋಟಿಗೆ ಹತ್ತಿಸುವ ಹಲಗೆಗೆ ಅಡ್ಡಡ್ಡ ನಿಂತಿತು. ಹಿಂದಿನವರ ಹಾರ್ನುಗಳು ಭಜನೆ ಶುರುಮಾಡಿದವು.

"ಚಾವಿ ದ್ಯಾ ಕಾಕಾ, ಮೀ ಘೇತೋ" ಎಂದು, ತಾನೇ ಹಿಂದಕ್ಕೆ ತೆಗೆದುಕೊಡುವೆನೆಂದು ಸೀಟಿಯವನು ಕೈ ಚಾಚಿದ.

"ಕೊಡಬೇಡಿ ಬೀಗರೇ!" ಪಕ್ಕದ ಸೀಟಿನಿಂದ ಮೂರ್ತಿಯವರಿಗೆ ರೋಷ ಬಂದಿತ್ತು. "ಎಂಥಾ ಡ್ರೈವರ್‌ಗೆ ಹೇಳ್ತಿದಾನೆ ನೋಡಿ ಇವನು!"

ಸೀಟಿಗಿಂತ, ಹಾರ್ನಿಗಿಂತ ಈ ಹೊಗಳಿಕೆ ನನಗೆ ಚುಚ್ಚಿತು. ಇನ್ನೂ ಒಂದು ಸುಳ್ಳು ಬಾಯಿಗೆ ಬಂದಿತ್ತು, ಗೇರ್‌ಬಾಕ್ಸಿನದ್ದು. ಆದರೆ ಹೊರಬಿದ್ದದ್ದು ಬೇರೆಯೇ.

"ಮೂರ್ತಿಯವರೇ, ನನಗೆ ರಿವರ್ಸ್ ಬರುದಿಲ್ಲ. ನಿನ್ನೆಯಿಂದ ನೀವು ನೋಡಿದ ಸೀನರಿ ಎಲ್ಲ ಅದೇ."

ಕೆಲಸ ಕೇಳಿಕೊಂಡು ಪರವೂರಿಗೆ ಬಂದವನನ್ನು "ಇದು ಬರುತ್ತದಾ?" ಎಂದು ಕೇಳಿದರೆ "ಬರುತ್ತದೆ" ಎನ್ನಬೇಕು, ಆಮೇಲೆ ಕಲಿತುಕೊಳ್ಳಬೇಕು, ಬರುವುದಿಲ್ಲ ಎಂದರೆ ಆ ದಿನದ ಊಟ ಹೋಯಿತು. ವೆಲ್ಡಿಂಗ್, ಹಿಂದಿ, ಸಂಸಾರ, ಎಲ್ಲವನ್ನೂ ನಾನು ಹೀಗೇ ಕಲಿತದ್ದು. ನಲವತ್ತು ವರ್ಷದಲ್ಲಿ "ಬರುದಿಲ್ಲ" ಎಂದು ಬಾಯಿಬಿಟ್ಟದ್ದು ಇದೇ ಮೊದಲು.

"ನಾಲ್ಕು ವರ್ಷದಿಂದ ನನಗೆ ಗೊತ್ತುಂಟು. ಎರಡೆರಡು ಡಬ್ಬಿ ಅವಲಕ್ಕಿ ಎಂತಕ್ಕೆ ಕಟ್ಟಿದ್ದು ಮತ್ತೆ?" ಎನ್ನುತ್ತ ಗುಲಾಬಿ ಇಳಿದಳು. ಸೆರಗು ಸಿಕ್ಕಿಸಿ ಬೋಟಿನ ತುದಿಯಲ್ಲಿ ನಿಂತು, ಊಟಕ್ಕೆ ಕರೆಯುವ ದನಿಯಲ್ಲೇ, ಮನೆಯ ತುಳುವಿನಲ್ಲಿ, "ಬಲೆ, ಬಲೆ, ಬಲೆ" ಎಂದು ಬಾ ಬಾ ಎಂಬಂತೆ ಕೈಬೀಸಿದಳು. ಮೂರ್ತಿಯವರೂ ಇಳಿದು ಇನ್ನೊಂದು ಬದಿಗೆ ನಿಂತರು. "ಸ್ವಲ್ಪ ಎಡಕ್ಕೆ ಬೀಗರೇ! ಅಲ್ಲ, ಅಲ್ಲ, ನನ್ನ ಎಡಕ್ಕೆ!" ನಾನು ಕನ್ನಡಿ ಬಿಟ್ಟು, ಎರಡು ಡಿಗ್ರಿಯನ್ನೂ ಬಿಟ್ಟು, ತುಳುವನ್ನಷ್ಟೇ ನಂಬಿದೆ. ಚಕ್ರಗಳು ಹಲಗೆಯನ್ನು ಏರಿದವು. "ಉಂತುಲೆ!" ಎಂದಳು. ನಿಂತೆ. ಬೋಟಿನವರು ಚಪ್ಪಾಳೆ ತಟ್ಟಿದರು. ಅದರಲ್ಲಿ ಅಭಿನಂದನೆಗಿಂತ ಬಿಡುಗಡೆಯ ಭಾವವೇ ಹೆಚ್ಚಿತ್ತು.

ಖಾಡಿ ದಾಟುವಷ್ಟು ಹೊತ್ತೂ ಮೂರ್ತಿಯವರು ಕಂಬಿ ಹಿಡಿದು ನೀರನ್ನು ನೋಡುತ್ತಿದ್ದರು. ಮಗಳ ಮಾವನ ಎದುರು ಮಾನ ಹೋಯಿತೆಂದು ನಾನು ಅವರ ಬೆನ್ನನ್ನು ನೋಡುತ್ತಿದ್ದೆ. ಆಚೆ ದಡದ ಬಯಲಿನಲ್ಲಿ, ಬಿಸಿಯಾರುವ ಮೊದಲೇ ಎಂದು ಮೂರು ಸಲ ಹಿಂದೆ ಓಡಿಸಿ ಕಲಿತೆ. ಮೂರನೆಯ ಸಲ ಗುಲಾಬಿ ಇಳಿಯಲೂ ಇಲ್ಲ.

ಅಲ್ಲಿಂದ ಎರಡು ಮೈಲಿಯೊಳಗೆ ದಾರಿ ಕವಲಾಯಿತು. ಮ್ಯಾಪು ಬಲಕ್ಕೆಂದಿತು, ನಾನು ಅಭ್ಯಾಸಬಲದಿಂದ ತಪ್ಪಿ ಎಡಕ್ಕೆ ಹೋಗಿದ್ದೆ. ಗಾಳಿಮರಗಳ ನಡುವೆ ಇಳಿದು ಕಾಣದಾಗುವ ಕಿರಿದಾದ ದಾರಿ. ಈಗ ನೋಡಲಿ ಎಂದು ಬ್ರೇಕು ಒತ್ತಿ, ಠೀವಿಯಿಂದ ರಿವರ್ಸಿಗೆ ಕೈಹಾಕಿದೆ.

ಗೇರಿನ ಮೇಲಿದ್ದ ನನ್ನ ಕೈಯನ್ನು ಮೂರ್ತಿಯವರು ಮೆಲ್ಲಗೆ ಹಿಡಿದುಕೊಂಡರು.

"ಬೀಗರೇ," ಎಂದರು, "ಇವತ್ತೊಂದು ದಿನ ಬರಲ್ಲ ಅಂದ್ಕೊಳ್ಳಿ."