ಕ್ಷೇಮ ಎಂಬ ಬಟನ್

ಅವಳನ್ನು ನಾವೆಲ್ಲ ಸೂಜಿ ಎಂದು ಕರೆಯುತ್ತಿದ್ದೆವು. ಆಳು ತೆಳ್ಳಗೆ, ನಾಲಿಗೆ ಇನ್ನೂ ಮೊನಚು. ಎದುರಿಗೇ ಹಾಗೆ ಕರೆದರೂ ಬೇಜಾರಿಲ್ಲ, ಸದ್ಯ ದಬ್ಬಳ ಅನ್ನಲಿಲ್ಲವಲ್ಲ ಎಂದು ನಗುತ್ತಿದ್ದಳು. ವೃದ್ಧಾಶ್ರಮದ ನೆಲಮಾಳಿಗೆಯಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಕಿಟಕಿಯಿಲ್ಲದ ಕೋಣೆ, ಸಾಲಾಗಿ ಕಂಪ್ಯೂಟರ್‌ಗಳು, ಇದ್ದದ್ದು ಒಂದೇ ಫ್ಯಾನು. ಅದೂ ಮೇಲ್ವಿಚಾರಕನ ತಲೆಯ ಮೇಲೆ.

ನಮ್ಮ ಕೆಲಸ ನೋಡುವುದು. ಮೇಲಿನ ಮಹಡಿಗಳಲ್ಲಿ ಕೋಣೆಗೊಂದು ಕ್ಯಾಮೆರಾ. ತೆರೆಯ ಮೇಲೆ ಒಂದು ಕೋಣೆ ಬರುತ್ತದೆ. ಅಲ್ಲಿರುವ ಮುದುಕರೋ ಮುದುಕಿಯೋ ಸರಿಯಾಗಿದ್ದರೆ ‘ಕ್ಷೇಮ’ ಎಂಬ ಹಸಿರು ಬಟನ್ ಒತ್ತಬೇಕು, ಇಲ್ಲದಿದ್ದರೆ ಕೆಂಪು ಬಟನ್ ಒತ್ತಿ ನರ್ಸನ್ನು ಕರೆಯಬೇಕು. ಒತ್ತಿದ ಮೇಲೇ ಮುಂದಿನ ಕೋಣೆ. ಹಸಿರು ಒತ್ತಿದರೆ ಆ ಕೋಣೆಯ ಕ್ಯಾಮೆರಾದ ಕೆಳಗೆ ಪುಟ್ಟ ದೀಪವೊಂದು ಹತ್ತಿ ಆರುತ್ತಿತ್ತು. ತಮ್ಮನ್ನು ಯಾರೋ ನೋಡಿದರು ಎಂದು ಮುದುಕರಿಗೆ ಗೊತ್ತಾಗಲಿ ಎಂದು ಆ ಏರ್ಪಾಡು. ದೀಪ ಕಂಡಾಗ ಕೆಲವರು ನಗುತ್ತಿದ್ದರು, ಒಬ್ಬ ತಾತ ನಾಲಿಗೆ ಚಾಚುತ್ತಿದ್ದ. ಕ್ಯಾಮೆರಾಗೆ ಕಣ್ಣು ಮಾತ್ರ, ಕಿವಿ ಇರಲಿಲ್ಲ.

ಆ ಹಸಿರು ಬಟನ್ ಸಾಮಾನ್ಯದ್ದಲ್ಲ. ಮೌಸನ್ನು ಅದರ ಮೇಲೆ ತಂದು, ಒತ್ತಿ, ಸುತ್ತಲಿನ ಉಂಗುರ ತುಂಬುವವರೆಗೆ ಹಿಡಿದು, ಆಮೇಲೆ ಬಿಡಬೇಕು. ಟಕಟಕ ಒತ್ತಿ ಸಾಗಹಾಕಬಾರದು, ಹಿಡಿದಷ್ಟು ಹೊತ್ತಾದರೂ ನೋಡಲಿ ಎಂದು ಅದನ್ನು ಮಾಡಿಕೊಟ್ಟ ಕಂಪನಿಯ ಬುದ್ಧಿವಂತಿಕೆ. ಅವರ ಬುದ್ಧಿವಂತಿಕೆ ಬಂದು ಕೂತದ್ದು ನಮ್ಮ ಮಣಿಕಟ್ಟಿನ ಮೇಲೆ. ಸೂಜಿಯ ಕೈಯಂತೂ ಊದಿಕೊಂಡು, ಮನೆಯಲ್ಲಿ ಒದ್ದೆ ಬಟ್ಟೆ ಹಿಂಡಲೂ ಆಗುತ್ತಿರಲಿಲ್ಲ. ರಜ ಕೇಳಿದರೆ ಮೇಲ್ವಿಚಾರಕ, ಎಡಗೈ ಇಲ್ಲವೇ ಎಂದು ಕೇಳಿದ. ಅಂಥವನಿಗೆ ಫ್ಯಾನಿನ ಗಾಳಿ ಬೇರೆ ಕೇಡು.

ಇನ್ನು ಅವಳ ಅತ್ತೆಯ ಸಂಗತಿ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಮದುವೆಯಾದ ಹೊಸತರಲ್ಲಿ ಸೂಜಿ ವೆಬ್ ಪುಟ ಮಾಡುವುದನ್ನು ಕಲಿಯಲು ಹೋಗುತ್ತಿದ್ದಳಂತೆ. ಕೊನೆಯ ಪರೀಕ್ಷೆಯ ದಿನ ಅತ್ತೆ ಹೊರಗಿನಿಂದ ಬೀಗ ಹಾಕಿಕೊಂಡು ನೆಂಟರ ಮನೆಗೆ ನಡೆದುಬಿಟ್ಟರು. ಅಲ್ಲಿಗೆ ಅವಳ ಓದು ಮುಗಿಯಿತು. ಈ ಕಥೆಯನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೋ, ಪ್ರತಿ ಸಲವೂ ಬೀಗದ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದಳು. ವರ್ಷಗಳು ಕಳೆದು ಅತ್ತೆಯ ಕಾಲು ಸ್ವಾಧೀನ ತಪ್ಪಿತು. ಬಸ್ ಓಡಿಸುವ ಗಂಡ ಮನೆಯಲ್ಲಿರುತ್ತಿದ್ದುದೇ ಅಪರೂಪ. ಹೀಗಾಗಿ ಸೂಜಿ ದುಡಿಯುವ ಆಶ್ರಮಕ್ಕೇ ಅತ್ತೆ ಬಂದು ಸೇರಿದರು. ಸಾಲದ್ದಕ್ಕೆ ಮೇಲ್ವಿಚಾರಕ ಅವರ ಕೋಣೆಯನ್ನು ಸೂಜಿಯ ಪಾಲಿಗೇ ಹಾಕಿ, ನಿಮ್ಮವರನ್ನು ನೀವೇ ನೋಡಿಕೊಳ್ಳಿ ಎಂದು ಉಪಕಾರ ಮಾಡಿದವನಂತೆ ಹಲ್ಲು ಕಿರಿದ. ನಿಮ್ಮ ಸೊಸೆಯೇ ನೋಡುತ್ತಾಳೆ ಎಂದು ಅತ್ತೆಗೂ ಹೇಳಿಟ್ಟ. ಆ ಕೋಣೆ ಬಂದಾಗಲೆಲ್ಲ ಸೂಜಿ ಮುಖ ಗೋಡೆಯ ಕಡೆ ತಿರುಗಿಸಿ ಬಟನ್ ಒತ್ತುತ್ತಿದ್ದಳು.

ಕೈನೋವು ತಾಳಲಾರದೆ ಒಂದು ದಿನ ಅವಳು ತನ್ನ ಅರ್ಧ ವಿದ್ಯೆಯನ್ನು ಹೊರತೆಗೆದಳು. ನಾವು ನೋಡುವ ತೆರೆಯೂ ಒಂದು ವೆಬ್ ಪುಟವೇ. ಅದರ ಹಿಂದಿನ ಬರಹ ತೆರೆದು, ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಾಲು ಬರೆದು, ಹಸಿರು ಬಟನ್ನಿಗೆ ಕ್ಲಿಕ್ ಆಗು ಎಂದು ಆಜ್ಞೆ ಕೊಟ್ಟಳು. ಅದು ಕಲ್ಲಿನ ಹಾಗೆ ಕೂತಿತ್ತು. ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರು. ಇವಳು ಹಠಮಾರಿ, ಊಟದ ವೇಳೆಯಲ್ಲೆಲ್ಲ ಅದನ್ನೇ ಕೆದಕಿದಳು. ಕೊನೆಗೆ ಗೊತ್ತಾದದ್ದೇನೆಂದರೆ, ಅದು ಬಟನ್ನೇ ಅಲ್ಲ. ಬಟನ್ನಿನ ವೇಷ ಹಾಕಿದ ಒಂದು ಖಾಲಿ ಚೌಕ. ಕ್ಲಿಕ್ ಎಂದರೆ ಅದಕ್ಕೆ ಕೇಳಿಸುವುದೇ ಇಲ್ಲ. ಮೌಸ್ ಮೇಲೆ ಬಂತು, ಒತ್ತಿತು, ಬಿಟ್ಟಿತು ಎಂಬ ಸುದ್ದಿಗಳನ್ನು ಬೇರೆಬೇರೆಯಾಗಿ, ಸಾಲಾಗಿ ಮುಟ್ಟಿಸಿದರೆ ಮಾತ್ರ ಅದು ಮಿಸುಕುತ್ತದೆ. ಸೂಜಿ ಆ ಸುಳ್ಳು ಸುದ್ದಿಗಳನ್ನು ಒಂದೊಂದಾಗಿ ಕಳಿಸಿದಳು, ನಡುವೆ ಉಂಗುರ ತುಂಬುವಷ್ಟು ಬಿಡುವು ಕೊಟ್ಟಳು. ಯಾರೂ ಮುಟ್ಟದೆ ಬಟನ್ ಒತ್ತಿಕೊಂಡಿತು. ಕೋಣೆ ಬದಲಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ಸಲವೂ ಒಂದೇ ಹದದಲ್ಲಿ ಒತ್ತಿದರೆ ಸಿಕ್ಕಿಬೀಳುತ್ತೇನೆಂದು, ಒಮ್ಮೆ ಬೇಗ, ಒಮ್ಮೆ ತಡವಾಗಿ, ನಡುವೆ ನೀರು ಕುಡಿಯಲು ಎದ್ದವರ ಹಾಗೆ ಸುಮ್ಮನಿರುವುದನ್ನೂ ಅದಕ್ಕೆ ಕಲಿಸಿದಳು. ನನಗೂ ಕೊಡೇ ಎಂದರೆ ಕೊಡಲಿಲ್ಲ, ನಿನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅಕ್ಕಾ ಎಂದಳು. ಒತ್ತುವುದು ಯಂತ್ರದ ಕೆಲಸ, ನೋಡುವುದು ನನ್ನ ಕೆಲಸ ಎಂದು ಮೊದಮೊದಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತೆರೆಯನ್ನೇ ನೋಡುತ್ತಿದ್ದಳು, ಸುಳ್ಳೇಕೆ ಹೇಳಲಿ. ಆದರೆ ಕೈಗೆ ಕೆಲಸವಿಲ್ಲದ ಮೇಲೆ ಕಣ್ಣೂ ಮೈಗಳ್ಳವಾಗುತ್ತದೆ. ಬರಬರುತ್ತಾ ಮಡಿಲಲ್ಲಿ ಮೊಬೈಲ್ ಬಂತು. ಮಣಿಕಟ್ಟಿನ ಊತ ಇಳಿಯಿತು, ಮುಖ ತುಂಬಿಕೊಂಡಿತು. ಅವಳು ಅಷ್ಟು ನೆಮ್ಮದಿಯಾಗಿದ್ದುದನ್ನು ನಾನು ಮೊದಲು ಕಂಡಿರಲಿಲ್ಲ.

ಅತ್ತೆ ಬಿದ್ದದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ. ಬಚ್ಚಲ ಬಾಗಿಲ ಬಳಿ ಕಾಲು ಜಾರಿ ಸೊಂಟದ ಮೂಳೆ ಮುರಿಯಿತು. ಕರೆಗಂಟೆ ಮಂಚದ ತಲೆದಿಂಬಿನ ಹತ್ತಿರ. ಕೂಗಿದರೆ ಕೇಳುವವರಿಲ್ಲ, ಕೋಣೆಯಲ್ಲಿದ್ದದ್ದು ಕ್ಯಾಮೆರಾ ಒಂದೇ. ಆಯಾ ಚಹಾ ತರುವವರೆಗೆ ಅವರು ನೆಲದ ಮೇಲೇ ಇದ್ದರು, ಮಲಮೂತ್ರ ಎಲ್ಲ ಅಲ್ಲೇ. ಅಷ್ಟೂ ಹೊತ್ತು ಕ್ಯಾಮೆರಾದ ದೀಪ ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು.

ಮಾರನೆಯ ದಿನ ನಮ್ಮ ನೆಲಮಾಳಿಗೆಯಲ್ಲೇ ವಿಚಾರಣೆ. ಮೇಲ್ವಿಚಾರಕ, ಬಟನ್ ಮಾಡಿದ ಕಂಪನಿಯ ಇಂಜಿನಿಯರ್, ಸೂಜಿಯ ಗಂಡ, ಪಕ್ಕದ ಕುರ್ಚಿಯವಳೆಂದು ನಾನು. ಕ್ಯಾಮೆರಾ ಹಿಡಿದಿಟ್ಟುಕೊಂಡಿದ್ದ ಚಿತ್ರವನ್ನು ಓಡಿಸಿದರು. ದೀಪ ಹತ್ತಿದಾಗಲೆಲ್ಲ ಅತ್ತೆ ಕತ್ತು ಎತ್ತಿ, ಕ್ಯಾಮೆರಾ ಕಡೆ ನೋಡಿ, ಕೈ ಮುಗಿಯುತ್ತಿದ್ದರು. ಬಾಯಿ ಏನೋ ಆಡುತ್ತಿತ್ತು. ಗಂಡ ತಲೆ ತಗ್ಗಿಸಿದ. ಆಸ್ಪತ್ರೆಯಲ್ಲಿ ಅಮ್ಮ ಅವನಿಗೆ ಹೇಳಿದ್ದು ಒಂದೇ ಮಾತು, ಅವಳು ನೋಡುತ್ತಲೇ ಇದ್ದಳು ಎಂದು.

“ನೋಡಿದ್ಯಾ?” ಎಂದು ಅವನು ಕೇಳಿದ.

ಸೂಜಿಗೆ ಅತ್ತ ದರಿ ಇತ್ತ ಪುಲಿ. ಹೌದೆಂದರೆ ನರಳುವ ಅತ್ತೆಯನ್ನು ಕಣ್ಣಾರೆ ಕಂಡೂ ಕ್ಷೇಮ ಎಂದು ಒತ್ತಿದ ರಾಕ್ಷಸಿ, ಇಲ್ಲವೆಂದರೆ ಕೆಲಸಗಳ್ಳಿ. ಕೆಲಸ ಹೋದರೆ ಹೋಗಲಿ ಎಂದುಕೊಂಡಳೇನೋ, ನಾನು ನೋಡಲಿಲ್ಲ, ಒತ್ತಿದ್ದು ನಾನಲ್ಲ ಎಂದು ಎಲ್ಲವನ್ನೂ ಹೇಳಿದಳು. ಇಂಜಿನಿಯರ್ ನಕ್ಕ. ಈ ಬಟನ್ನನ್ನು ಮನುಷ್ಯರ ಕೈಯೇ ಒತ್ತಬೇಕು ಎಂದು, ತಾನೇ ಒಂದು ಸಾಲು ಬರೆದು ಕ್ಲಿಕ್ ಎಂದು ಆಜ್ಞೆ ಕೊಟ್ಟು ತೋರಿಸಿದ. ಬಟನ್ ಅಲುಗಲಿಲ್ಲ. ದಾಖಲೆಯಲ್ಲಿ ಅವಳ ಒತ್ತುವಿಕೆಗಳ ನಡುವಿನ ಅಂತರ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಇರುವುದನ್ನು ತೋರಿಸಿ, ಇದು ಅಪ್ಪಟ ಮನುಷ್ಯರದೇ ಎಂದ. ಗಂಡ ಕುರ್ಚಿಯನ್ನು ಅವಳಿಂದ ದೂರಕ್ಕೆ ಎಳೆದುಕೊಂಡ.

ಸೂಜಿ ಎದ್ದು ಹೋಗಿ ತನ್ನ ಕಂಪ್ಯೂಟರಿನ ಮುಂದೆ ಕೂತಳು, ತನ್ನ ಸಾಲುಗಳನ್ನು ಓಡಿಸಿ ಎರಡೂ ಕೈ ಮೇಲೆತ್ತಿ ಹಿಡಿದಳು. ತೆರೆಯ ಮೇಲೆ ಅತ್ತೆಯ ಕೋಣೆ ಬಂತು, ಖಾಲಿ ಮಂಚ, ತೊಳೆದ ನೆಲ. ಉಂಗುರ ತಾನಾಗಿಯೇ ತುಂಬಿತು. ಯಾರೂ ಇಲ್ಲದ ಕೋಣೆ ಕ್ಷೇಮವಾಗಿತ್ತು. ಮೇಲ್ವಿಚಾರಕ ನಿಂತ ನಿಲುವಿನಲ್ಲೇ ಅವಳನ್ನು ಕೆಲಸದಿಂದ ತೆಗೆದ. ಇಂಜಿನಿಯರ್ ಆ ಸಾಲುಗಳನ್ನು ನಕಲು ಮಾಡಿಕೊಂಡು, ಬಹಳ ಚೆನ್ನಾಗಿ ಬರೆದಿದ್ದೀರಿ ಎಂದ. ಆ ವಿದ್ಯೆಗೆ ಅವಳು ಜೀವಮಾನದಲ್ಲಿ ಪಡೆದ ಹೊಗಳಿಕೆ ಅದೊಂದೇ.

ಗಂಡನ ಮುಖಕ್ಕೆ ಮಾತ್ರ ಜೀವ ಬಂದಿತ್ತು. ಹೆಂಡತಿ ಕಟುಕಿಯಲ್ಲ ಎಂಬುದಷ್ಟೇ ಅವನಿಗೆ ಬೇಕಾಗಿದ್ದದ್ದು. ಈಗಲೇ ಅಮ್ಮನಿಗೆ ಹೇಳೋಣ, ಅವಳ ಎದೆಯ ಮುಳ್ಳು ಹೋಗಲಿ ಎಂದು ನಮ್ಮನ್ನು ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅತ್ತೆ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದರು. ಮಗ ಬಿಡಿಸಿ ಬಿಡಿಸಿ ಹೇಳಿದ. ಅವಳು ನೋಡೇ ಇಲ್ಲ ಅಮ್ಮ, ಕಂಪ್ಯೂಟರೇ ಒತ್ತುತ್ತಿತ್ತು, ದೀಪ ತಾನಾಗಿಯೇ ಹತ್ತುತ್ತಿತ್ತು, ಅಲ್ಲಿ ಯಾರೂ ಇರಲಿಲ್ಲ. ಸೂಜಿ ಮಂಚದ ಕಂಬಿ ಹಿಡಿದು ಅಳುತ್ತಾ ನಿಂತಿದ್ದಳು.

ಅತ್ತೆ ಅವಳ ಕಡೆ ಮುಖ ತಿರುಗಿಸಿದರು.

“ನೀನು ನೋಡ್ತಿದ್ದೀಯ ಅಂತಾನೇ ಅನ್ಕೊಂಡಿದ್ದೆ ಕಣೇ. ಕೋಪ ಇದೆ, ಇರಲಿ, ಅವತ್ತು ಬೀಗ ಹಾಕಿದ್ದು ನಾನೇ ತಾನೆ ಅಂತ. ಪ್ರತಿ ಸಲ ದೀಪ ಹತ್ತಿದಾಗಲೂ ತಪ್ಪಾಯ್ತು ಅಂತ ಕೈ ಮುಗ್ದೆ.” ಅವರ ತುಟಿ ಒಣಗಿತ್ತು. “ಮುಖಕ್ಕೆ ಮುಖ ಕೊಟ್ಟು ಹೇಳೋಕೆ ಇಷ್ಟು ವರ್ಷ ಬಾಯಿ ಬಂದಿರ್ಲಿಲ್ಲ. ಈಗ ಹೇಳಿದೆ, ಯಾರೂ ಇರ್ಲಿಲ್ಲ ಅಂತೀರ.”

ಸೂಜಿ ಅವರ ಕೈ ಹಿಡಿಯಲು ಹೋದಳು, ಈಗ ಹೇಳಿ ಅತ್ತೆ, ಕೇಳ್ತೀನಿ ಎಂದಳು.

“ಮತ್ತೆ ಹೇಳಲ್ಲ” ಎಂದು ಅತ್ತೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.